ಹೊಳೆ ಬಂದಾಗ ಓಡುವ ತಂಡ: ಹತ್ತು ಮಂದಿಯನ್ನು ಆರಿಸೋದು ಹೇಗೆ?

ಹೊಳೆದಂಡೆ_ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮದು ನರಗುಂದ ತಾಲೂಕಿನಲ್ಲಿ ಮಲಪ್ರಭಾ ದಂಡೆಯ ಊರು. 2019ರ ಆಗಸ್ಟ್ ನೆನಪಿದೆ ಅಲ್ವಾ, ಕೊಣ್ಣೂರು, ಹೊಳೆಆಲೂರು ಕಡೆ ಮನೆಯೊಳಗೆ ಹೊಳೆ ಹೊಕ್ಕಿತ್ತು. ನಮ್ಮ ತಾಲೂಕಿಗೆ ಎರಡು ಕಡೆಯಿಂದ ಕಾಟ. ನವಿಲುತೀರ್ಥ ಡ್ಯಾಂನಿಂದ ನೀರು ಬಿಟ್ಟರೂ ತೊಂದರೆ, ಮೇಲೆ ಮಳೆ ಹೊಡೆದು ಬೆಣ್ಣಿಹಳ್ಳ ತುಂಬಿದರೂ ತೊಂದರೆ. ಸರ್ಕಾರದ ತಂಡ ಬೋಟ್ ತಗೊಂಡು ಬರುವವರೆಗೆ ಮೊದಲ ಕೆಲವು ತಾಸು ಊರವರೇ ಏನಾದರೂ ಮಾಡಬೇಕು. ಅದಕ್ಕೆ ಯುವಕ ಮಂಡಳದಿಂದ ಒಂದು ತಂಡ ಮಾಡೋಣ ಅಂತ ಕಟ್ಟೆ ಮೇಲೆ ಮಾತಾಯ್ತು. ಪಂಚಾಯ್ತಿಯವರು ಹತ್ತು ಜನಕ್ಕೆ ಲೈಫ್ ಜಾಕೆಟ್, ಹಗ್ಗ ಕೊಡಿಸುತ್ತೇವೆ ಅಂದರು. ಹೆಸರು ಕೊಟ್ಟವರು ಇಪ್ಪತ್ತಾರು ಮಂದಿ. ಇಲ್ಲಿಂದ ನನ್ನ ತಲೆನೋವು ಶುರು.

ಒಬ್ಬ ಇದ್ದಾನೆ, ಗರಡಿಮನೆ ಪೈಲ್ವಾನ. ತುಂಬಿದ ಹೊಳೆಯಲ್ಲಿ ಈಸಿ ಆಚೆ ದಂಡೆ ಮುಟ್ಟಿದವನು, ಊರಿಗೆಲ್ಲ ಹೀರೋ. ಆದರೆ ಯಾರ ಮಾತೂ ಕೇಳೋದಿಲ್ಲ, ನಿಲ್ಲು ಅಂದರೆ ಇನ್ನೂ ಎರಡು ಹೆಜ್ಜೆ ಮುಂದೆ ಹೋಗುತ್ತಾನೆ. ಇನ್ನಿಬ್ಬರು ಒಳ್ಳೆಯ ಹುಡುಗರು, ಗಟ್ಟಿ ಆಳುಗಳು, ಆದರೆ ಹೊಲದ ಬದುವಿನ ಜಗಳದಿಂದ ಎರಡು ಮನೆತನಕ್ಕೂ ಮಾತಿಲ್ಲ. ಮತ್ತೊಬ್ಬ ಹಿಟ್ಟಿನ ಗಿರಣಿ ನಡೆಸುತ್ತಾನೆ. ಈಸು ಅಷ್ಟಕ್ಕಷ್ಟೇ. ಆದರೆ ಆ ವರ್ಷ ನೀರು ಏರುವಾಗ ನಾವೆಲ್ಲ ಹೊಳೆ ನೋಡುತ್ತ ನಿಂತಿದ್ದರೆ ಇವನೊಬ್ಬ ಮನೆಮನೆಗೆ ಹೋಗಿ ಬಾಗಿಲು ಬಡಿದ, ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿಯನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಶಾಲೆಗೆ ತಂದ. ಅವನ ಹೆಸರು ಹೇಳಿದರೆ ಹುಡುಗರು ನಗುತ್ತಾರೆ, ‘ಅವಗ ಈಸಾಕ ಬರೂದಿಲ್ಲಲೇ’ ಅಂತ.

ಹುಬ್ಬಳ್ಳಿಯ ಒಂದು ಗೋಡೌನ್‌ನಲ್ಲಿ ಸೂಪರ್‌ವೈಸರ್ ಆಗಿದ್ದೆ ಅನ್ನೋ ಒಂದೇ ಕಾರಣಕ್ಕೆ ನನ್ನನ್ನು ಮುಂದೆ ನಿಲ್ಲಿಸಿದ್ದಾರೆ. ಅಲ್ಲಿ ಹಾಜರಿ ಪುಸ್ತಕ ಇತ್ತು, ಸಂಬಳ ಇತ್ತು, ಹೇಳಿದ್ದು ಕೇಳುತ್ತಿದ್ದರು. ಇಲ್ಲಿ ಎಲ್ಲರೂ ಅಣ್ಣ ತಮ್ಮಂದಿರೇ, ಯಾರಿಗೆ ಏನು ಹೇಳೋದು? ಇಂಥ ಕೆಲಸ ಮಾಡಿದವರು ಇದ್ದರೆ ಹೇಳಿ. ಯಾರನ್ನು ತಗೋಬೇಕು, ಯಾರನ್ನು ಬಿಡಬೇಕು, ಗಡಿಬಿಡಿಯಲ್ಲಿ ಎಲ್ಲರನ್ನೂ ಒಂದೇ ದಾರಿಗೆ ತರೋದು ಹೇಗೆ?

ಬ್ಯಾಡಗಿ_ಕಾಯಿ

ಮೊದಲು ಆ ಪಾರ್ಟಿಯವರು ಎಷ್ಟು, ಈ ಪಾರ್ಟಿಯವರು ಎಷ್ಟು ಅಂತ ಎಣಿಸಿಕೊಳ್ಳಿ. ಐದು ಐದು ಇಲ್ಲದಿದ್ದರೆ ಹೊಳೆ ಬರೋಕೆ ಮುಂಚೆನೇ ತಂಡ ಮುಳುಗುತ್ತದೆ. ತಮಾಷೆ ಅಂದುಕೊಳ್ಳಬೇಡಿ, ನಮ್ಮೂರಲ್ಲಿ ಗಣಪತಿ ಕಮಿಟಿನೇ ಎರಡಾಗಿದೆ.

ಗಾಡಿ_ಕಾಕಾ_ಹುಬ್ಬಳ್ಳಿ

ತಮ್ಮಾ, ನಾನು ರೈಲ್ವೆಯಿಂದ ರಿಟೈರ್ ಆದವನು. ಅಪಘಾತ ಆದಾಗ ಹೋಗುವ ಗಾಡಿ ಇದೆಯಲ್ಲ, ನಾವು ಎಆರ್‌ಟಿ ಅಂತೀವಿ, ಅದರ ಮೇಲೆ ಬಹಳ ವರ್ಷ ಕೆಲಸ ಮಾಡಿದ್ದೇನೆ. ಎಲ್ಲೋ ಗಾಡಿ ಹಳಿ ತಪ್ಪಿತು ಅಂದರೆ ಸೈರನ್ ಊದುತ್ತಾರೆ. ಹಗಲಾದರೆ 30 ನಿಮಿಷ, ರಾತ್ರಿಯಾದರೆ 45 ನಿಮಿಷದೊಳಗೆ ನಮ್ಮ ಗಾಡಿ ಹೊರಡಬೇಕು. ಡಾಕ್ಟರ್‌ಗಳ ಮೆಡಿಕಲ್ ವ್ಯಾನ್ ಇನ್ನೂ ಬೇಗ. ಊಟದ ತಟ್ಟೆ ಮುಂದಿರಲಿ, ಮಗಳ ನಿಶ್ಚಿತಾರ್ಥ ಇರಲಿ, ಸೈರನ್ ಕೇಳಿದರೆ ಎದ್ದು ಓಡಬೇಕು.

ನೀನು ಯಾರನ್ನು ಆರಿಸಲಿ ಅಂತ ಕೇಳುತ್ತೀ. ನಾನಾದರೆ ಆರಿಸೋದಕ್ಕೇ ಹೋಗೋದಿಲ್ಲ, ಅವರೇ ಆರಿಸಿಕೊಳ್ಳುವ ಹಾಗೆ ಮಾಡುತ್ತೇನೆ. ಯಾರಿಗೂ ಹೇಳದೆ ಒಂದು ರಾತ್ರಿ ಎರಡು ಗಂಟೆಗೆ ಗುಡಿಯ ಗಂಟೆ ಹೊಡಿ. ಜಿಟಿಜಿಟಿ ಮಳೆ ಇರುವ ರಾತ್ರಿಯೇ ಇರಲಿ. ಇಪ್ಪತ್ತಾರರಲ್ಲಿ ಎಷ್ಟು ಮಂದಿ ಬರುತ್ತಾರೆ ನೋಡು. ಬ್ಯಾಟರಿ ಹಿಡಿದು ಬಂದವರು ಯಾರು, ಬರಿಗೈಲಿ ಬಂದವರು ಯಾರು, ಬಂದ ಕೂಡಲೇ ‘ಯಾವನ್ಲೇ ಗಂಟಿ ಹೊಡದಾವ’ ಅಂತ ಬೈದವರು ಯಾರು, ಎಲ್ಲ ಬರೆದಿಟ್ಟುಕೋ. ಎರಡನೇ ಸಲ ಮತ್ತೆ ಹೊಡಿ. ಎರಡು ಸಲವೂ ಬಂದವರಲ್ಲೇ ನಿನ್ನ ಹತ್ತು ಮಂದಿ ಇರುತ್ತಾರೆ. ಯಾರ ಮನಸ್ಸಿಗೂ ನೋವಾಗೋದಿಲ್ಲ, ಯಾಕಂದರೆ ನೀನು ಯಾರನ್ನೂ ಬಿಟ್ಟಿಲ್ಲ.

ಇನ್ನು ಆ ಪೈಲ್ವಾನ. ನಮ್ಮ ಬ್ರೇಕ್‌ಡೌನ್ ಕ್ರೇನ್ 140 ಟನ್ನಿನದು. ಉರುಳಿದ ಬೋಗಿ ಎತ್ತುವಾಗ ಸುತ್ತ ನೂರು ಜನ ಇರುತ್ತಾರೆ, ಅದರಲ್ಲಿ ಅರ್ಧ ಸಾಹೇಬರು. ಆದರೆ ಕ್ರೇನ್ ಓಡಿಸುವವನು ಒಬ್ಬನ ಕೈಸನ್ನೆ ಮಾತ್ರ ನೋಡುತ್ತಾನೆ. ಎತ್ತು, ಇಳಿಸು, ಎಡಕ್ಕೆ, ಬಲಕ್ಕೆ, ಎಲ್ಲ ಅವನೊಬ್ಬನೇ ಹೇಳಬೇಕು, ದೊಡ್ಡ ಸಾಹೇಬರು ಬಂದು ಕೂಗಿದರೂ ನಡೆಯೋದಿಲ್ಲ. ಒಂದು ಸನ್ನೆಗೆ ಮಾತ್ರ ಈ ನಿಯಮ ಇಲ್ಲ. ‘ನಿಲ್ಲಿಸು’ ಅನ್ನೋದನ್ನು ಯಾರು ಬೇಕಾದರೂ ಹೇಳಬಹುದು. ನಿನ್ನೆ ಸೇರಿದ ಖಲಾಸಿ ಕೈ ಎತ್ತಿದರೂ ಕ್ರೇನ್ ನಿಲ್ಲಬೇಕು. ಯಾಕೆ ನಿಲ್ಲಿಸಿದೆ ಅಂತ ಆಮೇಲೆ ಕೇಳು. ಅವನು ಸುಮ್ನೆ ಹೆದರಿ ಕೈ ಎತ್ತಿದ್ದರೂ ಬೈಯಬೇಡ. ಒಮ್ಮೆ ಬೈದರೆ ಮುಂದಿನ ಸಲ ತಂತಿಹಗ್ಗ ಹರಿಯೋದು ಕಂಡರೂ ಕೈ ಎತ್ತೋದಿಲ್ಲ. ನಿಮ್ಮ ಪೈಲ್ವಾನನಿಗೆ ಈ ಒಂದು ಮಾತು ಒಪ್ಪಿಗೆ ಇದ್ದರೆ ತಗೋ. ಇಲ್ಲದಿದ್ದರೆ ಎಷ್ಟೇ ಈಸಲಿ, ಬೇಡ.

ಕ್ಯಾಜುವಾಲ್ಟಿ_ಅಕ್ಕ

ಕಾಕಾ ಹೇಳಿದ್ದು ನೂರಕ್ಕೆ ನೂರು. ನಾನು ಹುಬ್ಬಳ್ಳಿಯಲ್ಲಿ ಕ್ಯಾಜುವಾಲ್ಟಿ ನರ್ಸ್. ನಮ್ಮ ಟ್ರೇನಿಂಗ್‌ನಲ್ಲಿ ವಿಮಾನದ ಕತೆಯಿಂದ ಶುರು ಮಾಡುತ್ತಾರೆ. 1977ರ ಮಾರ್ಚ್ 27, ಸ್ಪೇನಿನ ಟೆನೆರಿಫ್ ದ್ವೀಪ, ದಟ್ಟ ಮಂಜು. ಕೆಎಲ್‌ಎಂ ಅನ್ನೋ ಡಚ್ ಕಂಪನಿಯ ವಿಮಾನದ ಕ್ಯಾಪ್ಟನ್ ಬಹಳ ಸೀನಿಯರ್, ಬೇರೆ ಪೈಲಟ್‌ಗಳಿಗೆ ಕಲಿಸುವಂಥವನು. ರನ್‌ವೇ ಮೇಲೆ ಇನ್ನೊಂದು ವಿಮಾನ ಇನ್ನೂ ಇದೆಯೇನೋ ಅಂತ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು, ಕೇಳಿಯೂ ಕೇಳಿದ. ಇಲ್ಲ, ಹೋಗಿದೆ ಅಂತ ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿಬಿಟ್ಟ. ಎಂಜಿನಿಯರ್ ಮತ್ತೆ ಮಾತಾಡಲಿಲ್ಲ. ಎರಡು ವಿಮಾನ ಡಿಕ್ಕಿಯಾಗಿ ಒಟ್ಟು 583 ಮಂದಿ ಸತ್ತರು. ಅದಾದ ಮೇಲೆ ವಿಮಾನದವರು ಕಿರಿಯರಿಗೆ ಬಾಯಿ ಬಿಟ್ಟು ಹೇಳೋದನ್ನು, ಹಿರಿಯರಿಗೆ ಕೇಳಿಸಿಕೊಳ್ಳೋದನ್ನು ಪಾಠ ಮಾಡಿ ಕಲಿಸೋಕೆ ಶುರು ಮಾಡಿದರು. ಆಸ್ಪತ್ರೆಯವರು ಅದನ್ನು ಅವರಿಂದಲೇ ಕಲಿತದ್ದು.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್‌ಗೆ ಅಂತ 19 ಅಂಶಗಳ ಒಂದು ಚೆಕ್‌ಲಿಸ್ಟ್ ಮಾಡಿತು. ಅದರಲ್ಲಿ ಒಂದು ಅಂಶ ಏನು ಗೊತ್ತಾ? ಕತ್ತರಿ ಹಾಕೋ ಮುಂಚೆ ಒಳಗಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಬಾಯಿಬಿಟ್ಟು ಹೇಳಬೇಕು. ಮೊದಲ ಸಲ ಕೇಳಿದವರಿಗೆ ನಗು ಬರುತ್ತದೆ, ದಿನಾ ನೋಡುವ ಮುಖಗಳೇ ಅಲ್ವಾ ಅಂತ. ಆದರೆ ಒಮ್ಮೆ ಬಾಯಿ ತೆರೆದವರು ಎರಡನೇ ಸಲ ತೆರೆಯೋಕೆ ಹಿಂಜರಿಯೋದು ಕಡಿಮೆ. ಎಂಟು ಆಸ್ಪತ್ರೆಗಳಲ್ಲಿ ಆ ಚೆಕ್‌ಲಿಸ್ಟ್ ಬಳಸಿ ನೋಡಿದರು. ಆಪರೇಷನ್ ಆದವರಲ್ಲಿ ಸಾವು ಶೇ 1.5 ಇದ್ದದ್ದು ಶೇ 0.8ಕ್ಕೆ ಇಳಿಯಿತು. ಬರೀ ಹೆಸರು ಹೇಳಿದ್ದರಿಂದ ಇಳಿಯಿತು ಅಂತ ನಾನು ಹೇಳುತ್ತಿಲ್ಲ, ಪೂರ್ತಿ ಚೆಕ್‌ಲಿಸ್ಟ್‌ನಿಂದ.

ನಿಮಗೆ ಬೇಕಾದ್ದು ಇಷ್ಟು. ಗಡಿಬಿಡಿಯಲ್ಲಿ ‘ಯಾರಾದರೂ ಹಗ್ಗ ತನ್ನಿ’ ಅಂದರೆ ಯಾರೂ ತರೋದಿಲ್ಲ, ಪ್ರತಿಯೊಬ್ಬನೂ ಪಕ್ಕದವನು ತರುತ್ತಾನೆ ಅಂದುಕೊಳ್ಳುತ್ತಾನೆ. ಹೆಸರು ಹಿಡಿದು ಹೇಳಿ. ಹೇಳಿಸಿಕೊಂಡವನು ಅದನ್ನೇ ತಿರುಗಿ ಹೇಳಬೇಕು, ‘ಉದ್ದನೆ ಹಗ್ಗ ತರ್ತೇನೆ’ ಅಂತ. ತಂದ ಮೇಲೆ ‘ತಂದೆ’ ಅನ್ನಬೇಕು. ನೀವು ಮಾತ್ರ ಹಗ್ಗಕ್ಕೆ ಕೈ ಹಾಕಬೇಡಿ. ನಮ್ಮಲ್ಲಿ ಸೀರಿಯಸ್ ಕೇಸ್ ಬಂದಾಗ ಮುಂದಾಳು ಆದ ಡಾಕ್ಟರ್ ಪೇಷಂಟ್‌ನ ಕಾಲ ಬುಡದಲ್ಲಿ ಕೈಕಟ್ಟಿ ನಿಲ್ಲುತ್ತಾರೆ, ಆದಷ್ಟು ಮಟ್ಟಿಗೆ ಪೇಷಂಟನ್ನು ಮುಟ್ಟೋದಿಲ್ಲ. ಮುಟ್ಟಿದರೆ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಉಳಿದದ್ದು ಕಾಣೋದಿಲ್ಲ. ಹಳ್ಳಿಯಲ್ಲಿ ಇದು ಕಷ್ಟ, ‘ಲೀಡರ್ ಅಂತ, ದಂಡಿ ಮ್ಯಾಲೆ ನಿಂತಾನ ನೋಡ್ರಿ’ ಅಂತಾರೆ. ಅನ್ನಲಿ ಬಿಡಿ.

ಮಾತಿಲ್ಲದ ಆ ಇಬ್ಬರ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಜಗಳ ಆಡುವವರು ಇದ್ದರೆ ನಡೆಯುತ್ತದೆ, ಮಾತು ಬಿಟ್ಟವರು ನಡೆಯೋದಿಲ್ಲ. ಜಗಳಗಂಟ ‘ಏ ಮಬ್ಬ, ಹಿಂದ ನೋಡೋ’ ಅಂತ ಕೂಗಿಯಾದರೂ ಉಳಿಸುತ್ತಾನೆ. ಮಾತು ಬಿಟ್ಟವನು ಕೂಗೋಕೂ ಒಂದು ಕ್ಷಣ ಯೋಚನೆ ಮಾಡುತ್ತಾನೆ. ಇಬ್ಬರನ್ನೂ ಕೂರಿಸಿ ಕೇಳಿ. ಇಷ್ಟು ಕೆಲಸಕ್ಕೆ ಮಾತ್ರ ಮಾತು ಶುರು ಮಾಡುತ್ತೇವೆ ಅಂದರೆ ತಗೊಳ್ಳಿ, ಇಲ್ಲದಿದ್ದರೆ ಒಬ್ಬರನ್ನೇ.

ಮತ್ತೆ ಇನ್ನೊಂದು ಕೇಳಲೇ? ಇಪ್ಪತ್ತಾರರಲ್ಲಿ ಹೆಣ್ಣುಮಕ್ಕಳು ಎಷ್ಟು ಮಂದಿ?

ಮಾಳಮಡ್ಡಿ_ಓದುಗ

ಇಂಥ ಚರ್ಚೆ ಬಂದಾಗಲೆಲ್ಲ ಯಾರಾದರೂ ಅಂಟಾರ್ಕ್ಟಿಕಾ ಯಾತ್ರೆಗಳ ಮುಂದಾಳು ಶ್ಯಾಕಲ್ಟನ್ ಹೆಸರು ತೆಗೆದು, ‘ಅಪಾಯದ ಪ್ರಯಾಣ, ಕಡಿಮೆ ಸಂಬಳ, ಕಡು ಚಳಿ’ ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದನಂತೆ ಅಂತ ಶುರು ಮಾಡುತ್ತಾರೆ. ಈ ಸಲ ನಾನೇ ತೆಗೆಯುತ್ತೇನೆ, ಆದರೆ ಆ ಜಾಹೀರಾತು ಬಂದಿತ್ತು ಅನ್ನೋದಕ್ಕೆ ಮೂಲ ಪತ್ರಿಕೆ ಇದುವರೆಗೆ ಯಾರ ಕೈಗೂ ಸಿಕ್ಕಿಲ್ಲ, ಅದನ್ನು ಬಿಟ್ಟುಬಿಡಿ.

ನಿಜವಾಗಿ ನಡೆದದ್ದು ಇನ್ನೂ ಚೆನ್ನಾಗಿದೆ. 1914ರಲ್ಲಿ ಅಂಟಾರ್ಕ್ಟಿಕಾಕ್ಕೆ ಹೊರಟಾಗ ರೆಜಿನಾಲ್ಡ್ ಜೇಮ್ಸ್ ಅನ್ನೋ ಭೌತವಿಜ್ಞಾನಿಯನ್ನು ಸಂದರ್ಶನ ಮಾಡುತ್ತ, ವಿಜ್ಞಾನ ಬಿಟ್ಟು, ನಿನಗೆ ಹಾಡೋಕೆ ಬರುತ್ತಾ ಅಂತ ಕೇಳಿದ. ಕೋರಸ್ ಹಾಡುವಾಗ ಹುಡುಗರ ಜೊತೆ ಕೂಗಿದರೆ ಸಾಕು ಅನ್ನೋ ಅರ್ಥದಲ್ಲಿ. ಜೊತೆಗೆ ಕೂತು ಭಜನೆ ಹೇಳುವವನೋ, ಮೂಲೆ ಹಿಡಿಯುವವನೋ ಅಂತ ತಿಳಿಯಬೇಕಿತ್ತು ಅಷ್ಟೇ. ಹಡಗು ಹಿಮದಲ್ಲಿ ಸಿಕ್ಕಿ 1915ರ ನವೆಂಬರ್‌ನಲ್ಲಿ ಮುಳುಗಿತು. 28 ಮಂದಿ ಮಂಜುಗಡ್ಡೆ ಮೇಲೆ. ಸಾಮಾನೆಲ್ಲ ಬಿಸಾಕಿಸಿದ ಮನುಷ್ಯ ಹಸಿ ಅನ್ನುವವನ ಬ್ಯಾಂಜೋ ವಾದ್ಯವನ್ನು ಮಾತ್ರ ಇಟ್ಟುಕೊಳ್ಳೋಕೆ ಹೇಳಿದ.

ನಿಮ್ಮ ಪೈಲ್ವಾನನಿಗೆ ಸಂಬಂಧಪಟ್ಟ ಭಾಗ ಮುಂದಿದೆ. ಎಲಿಫೆಂಟ್ ದ್ವೀಪದಿಂದ ಸಹಾಯ ತರೋಕೆ ಸಣ್ಣ ದೋಣಿಯಲ್ಲಿ ಹೊರಟಾಗ ತನ್ನ ಜೊತೆಗೆ ಐದು ಮಂದಿಯನ್ನು ಆರಿಸಿದ. ಅವರಲ್ಲಿ ಬಡಗಿ ಮೆಕ್‌ನಿಶ್ ಒಬ್ಬ, ಹಿಂದೆ ಮಂಜಿನ ಮೇಲೆ ಆಜ್ಞೆ ಪಾಲಿಸೋದಿಲ್ಲ ಅಂತ ತಿರುಗಿ ಬಿದ್ದವನು. ವಿನ್ಸೆಂಟ್ ಅನ್ನುವ ಇನ್ನೊಬ್ಬ ದಬ್ಬಾಳಿಕೆಯವನು. ಮೆಕ್‌ನಿಶ್‌ನ ಕೈಕೆಲಸ ಬೇಕಿತ್ತು, ಅದು ನಿಜ. ಜೊತೆಗೆ ಇವರನ್ನು ಹಿಂದೆ ಬಿಟ್ಟರೆ ಉಳಿದ 22 ಮಂದಿಯ ತಲೆ ಕೆಡಿಸುತ್ತಾರೆ, ತನ್ನ ಕಣ್ಣೆದುರೇ ಇರಲಿ ಅನ್ನೋ ಲೆಕ್ಕವೂ ಇತ್ತು ಅಂತ ಇತಿಹಾಸಕಾರರು ಬರೆಯುತ್ತಾರೆ. 1916ರ ಆಗಸ್ಟ್ 30ಕ್ಕೆ ಆ 22 ಮಂದಿಯೂ ಜೀವಸಹಿತ ಸಿಕ್ಕರು. ಹಾಗಾಗಿ ನಾನಾದರೆ ಪೈಲ್ವಾನನನ್ನು ಬಿಡೋದಿಲ್ಲ, ನನ್ನ ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತೇನೆ. ಬಿಟ್ಟರೆ ಅವನು ಹೇಗೂ ಹೊಳೆಗೆ ಹಾರುವವನೇ, ಆಗ ಅವನನ್ನು ಉಳಿಸೋದು ನಿಮ್ಮ ಕೆಲಸವಾಗುತ್ತದೆ.

ಒಂದು ಮಾತು ಮಾತ್ರ ಯಾರೂ ಹೇಳೋದಿಲ್ಲ. ಅದೇ ಯಾತ್ರೆಗೆ ಅಂಟಾರ್ಕ್ಟಿಕಾದ ಇನ್ನೊಂದು ಬದಿಗೆ ಹೋಗಿದ್ದ ರಾಸ್ ಸಮುದ್ರದ ತಂಡದಲ್ಲಿ ಮೂವರು ಸತ್ತರು. ಒಬ್ಬರನ್ನೂ ಕಳೆದುಕೊಳ್ಳಲಿಲ್ಲ ಅನ್ನೋದು ಅರ್ಧ ಕತೆ.

ವರದಾ_ತೀರ

ಹಾವೇರಿ ಕಡೆಯವನು, ಅಗ್ನಿಶಾಮಕ ದಳದಲ್ಲಿದ್ದೆ. ಎಲ್ಲರೂ ಒಳ್ಳೆಯದೇ ಹೇಳಿದ್ದೀರಿ, ಆದರೆ ಈ ಹುಡುಗರು ನೀರಿಗೆ ಇಳಿಯುವ ತಂಡ ಮಾಡುತ್ತಿದ್ದಾರೆ, ನೀವೆಲ್ಲ ಹುರಿದುಂಬಿಸುತ್ತಿದ್ದೀರಿ. ನನಗೆ ಅಲ್ಲೇ ತಕರಾರು.

ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ನಿಂತ ಮನುಷ್ಯನನ್ನು ಕೆಡವಬಲ್ಲದು. 30 ಸೆಂಟಿಮೀಟರ್‌ಗೆ ಸಣ್ಣ ಕಾರು ತೇಲಿಹೋಗುತ್ತದೆ. ಕೆಲಸದ ಕ್ರಮ ಹೀಗೆ: ಮೊದಲು ದಂಡೆಯಿಂದ ಗಳ ಚಾಚು, ಆಗದಿದ್ದರೆ ಹಗ್ಗ ಎಸೆ, ಅದೂ ಆಗದಿದ್ದರೆ ಬೋಟ್. ಈಸಿಕೊಂಡು ಹೋಗೋದು ಕಟ್ಟಕಡೆಗೆ, ಅದೂ ಟ್ರೇನಿಂಗ್ ಆದವರು ಮಾತ್ರ. ಆ ಲೆಕ್ಕದಲ್ಲಿ ನಿಮ್ಮ ಹತ್ತು ಮಂದಿಯಲ್ಲಿ ಚೆನ್ನಾಗಿ ಈಸುವವರು ಇಬ್ಬರು ಮೂವರು ಸಾಕು. ಉಳಿದವರು ಹಗ್ಗ ಎಸೆಯುವವರು, ಫೋನ್ ಹಿಡಿಯುವವರು, ಮೇಲ್ಗಡೆ ನಿಂತು ತೇಲಿ ಬರುವ ಮರ ನೋಡಿ ಕೂಗುವವರು, ಮನೆ ಖಾಲಿ ಮಾಡಿಸುವವರು. ನನ್ನ ಕೇಳಿದರೆ ತಂಡದ ಮೊದಲ ಹೆಸರು ಆ ಗಿರಣಿ ಹುಡುಗನದ್ದು. ಅವನು ಕೈಗಾಡಿಯಲ್ಲಿ ತಂದ ಅಜ್ಜಿಯನ್ನು ಉಳಿಸೋಕೆ ಯಾರೂ ಈಸಬೇಕಾಗಿ ಬರಲಿಲ್ಲ ನೋಡಿ, ಅದು ಕೆಲಸ.

ನಮ್ಮ ಕಡೆ ಒಂದು ಕೆಟ್ಟ ರೂಢಿ ಇದೆ, ಇಳಿಯುವವನ ಸೊಂಟಕ್ಕೆ ಹಗ್ಗ ಬಿಗಿದು ಕಟ್ಟೋದು. ದಂಡೆಯವರು ಎಳೆದಷ್ಟೂ ಪ್ರವಾಹ ಅವನನ್ನು ಕೆಳಗೆ ಅದುಮುತ್ತದೆ, ಗಂಟು ಬಿಚ್ಚೋಕೆ ಆಗೋದಿಲ್ಲ. ಬೇಡವೇ ಬೇಡ.

ಗಾಡಿ ಕಾಕಾ ಹೇಳಿದ ಗಂಟೆ ಪರೀಕ್ಷೆ ಮಾಡಿ, ಆದರೆ ಗುಡಿಯವರೆಗೆ ಮಾತ್ರ. ರಾತ್ರಿ ಡ್ರಿಲ್ ಅಂತ ಹೊಳೆ ಹತ್ತಿರ ಯಾರೂ ಹೋಗಕೂಡದು. ಮುಂಚೆ ಪಿಡಿಒಗೆ, ಪೊಲೀಸರಿಗೆ ಹೇಳಿಡಿ. ಊರಲ್ಲಿ ನಾಲ್ಕು ಹಿರಿಯರಿಗೂ ಹೇಳಿಡಿ, ಎರಡು ಗಂಟೆಗೆ ಗಂಟೆ ಕೇಳಿ ಯಾರಿಗಾದರೂ ಎದೆನೋವು ಬಂದೀತು. ಆಪದ ಮಿತ್ರ ಅಂತ ವಿಪತ್ತಿನ ಕೆಲಸಕ್ಕೆ ಸ್ವಯಂಸೇವಕರಿಗೆ 12 ದಿನದ ತರಬೇತಿ ಕೊಡುತ್ತಿದ್ದರು, ಈಗ ಇದೆಯಾ ಅಂತ ನಿಮ್ಮ ಡಿಸಿ ಆಫೀಸ್‌ನಲ್ಲಿ ವಿಚಾರಿಸಿ.

ಹೊಳೆದಂಡೆ_ಹುಡುಗ

ಎಲ್ಲರಿಗೂ ಬಹಳ ಧನ್ಯವಾದ, ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಅಕ್ಕಾ, ಇಪ್ಪತ್ತಾರರಲ್ಲಿ ಹೆಣ್ಣುಮಕ್ಕಳು ಒಬ್ಬರೂ ಇರಲಿಲ್ಲ. ನೀವು ಕೇಳಿದ ಮೇಲೆ ನಮ್ಮ ಆಶಾ ಕಾರ್ಯಕರ್ತೆ ಅಕ್ಕನ ಹತ್ತಿರ ಹೋದೆ. ಯಾವ ಓಣಿಯಲ್ಲಿ ಎಷ್ಟು ಬಸುರಿಯರು, ಯಾರು ಬಾಣಂತಿ, ಯಾರಿಗೆ ಲಕ್ವಾ ಹೊಡೆದಿದೆ, ಎಲ್ಲ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಯಾವ ಮನೆಗೆ ಮೊದಲು ಹೋಗಬೇಕು ಅಂತ ಈಗಲೇ ಪಟ್ಟಿ ಮಾಡಬಹುದು. ಅವರು, ಗಿರಣಿ ಹುಡುಗ ಇಬ್ಬರೂ ಸೇರಿ ಮನೆ ಖಾಲಿ ಮಾಡಿಸುವ ಕೆಲಸ ನೋಡಿಕೊಳ್ಳುತ್ತಾರೆ.

ಬದುವಿನ ಜಗಳದವರಲ್ಲಿ ಒಬ್ಬ ‘ನಾ ಮಾತಾಡ್ತೇನಿ, ಅವ ಆಡ್ಲಿ ಮೊದಲ’ ಅಂದ. ಇನ್ನೊಬ್ಬನೂ ಅದನ್ನೇ ಅಂದ. ಇನ್ನೂ ಅಲ್ಲೇ ನಿಂತಿದೆ.

ಪೈಲ್ವಾನನಿಗೆ ಕ್ರೇನಿನ ಕತೆ ಹೇಳಿದೆ. ಗಿರಣಿಯವನು ನಿಲ್ಲು ಅಂದರೂ ನಿಲ್ಲಬೇಕಾ ಅಂತ ಕೇಳಿದ. ಹೌದು ಅಂದೆ. ಸಿಟ್ಟಾಗಿ ಎದ್ದು ಹೋದ, ಇದುವರೆಗೆ ಫೋನ್ ಎತ್ತಿಲ್ಲ. ಈಗ ಏನು ಮಾಡಲಿ?

ಗಾಡಿ_ಕಾಕಾ_ಹುಬ್ಬಳ್ಳಿ

ಬೆನ್ನು ಹತ್ತಬೇಡ. ಗಂಟೆ ಹೊಡಿ, ಬರುತ್ತಾನೋ ನೋಡು. ಬಂದರೆ ಮಾಳಮಡ್ಡಿಯವರು ಹೇಳಿದ ಹಾಗೆ ಪಕ್ಕಕ್ಕೆ ನಿಲ್ಲಿಸಿಕೋ, ಮತ್ತೆ ಆ ಮಾತು ತೆಗೆದು ಚುಚ್ಚಬೇಡ. ಒಣ ನೆಲದ ಮೇಲೆ ಅಭ್ಯಾಸ ಮಾಡುವಾಗ ನೀನೇ ಏನಾದರೂ ಮಾಡುತ್ತಿರು, ಗಿರಣಿ ಹುಡುಗ ನಿಲ್ಲು ಅನ್ನಲಿ, ನೀನು ಎಲ್ಲರ ಮುಂದೆ ನಿಲ್ಲು. ಲೀಡರ್ ನಿಂತಿದ್ದು ಕಂಡರೆ ಪೈಲ್ವಾನನಿಗೂ ಮರ್ಯಾದೆ ಕಡಿಮೆ ಆಗೋದಿಲ್ಲ.

ಕ್ಯಾಜುವಾಲ್ಟಿ_ಅಕ್ಕ

ಕಾಕಾ, ಅದು ಒಳ್ಳೆಯ ಉಪಾಯ. ಬದುವಿನವರಿಬ್ಬರಿಗೆ ಒಂದೇ ಹಗ್ಗದ ಎರಡು ತುದಿ ಮಾತ್ರ ಕೊಡಬೇಡಿ ತಮ್ಮಾ, ಈಗಲೇ ಹೇಳಿಟ್ಟಿರುತ್ತೇನೆ. ಅಭ್ಯಾಸ ಮುಗಿದ ಮೇಲೆ ಐದು ನಿಮಿಷ ಎಲ್ಲರೂ ಕೂತು ಏನು ಸರಿ ಹೋಯ್ತು, ಏನು ಹೋಗಲಿಲ್ಲ ಮಾತಾಡಿ, ಚಿಕ್ಕವರಿಂದ ಶುರು ಮಾಡಿ. ದೊಡ್ಡವರು ಮೊದಲು ಮಾತಾಡಿದರೆ ಉಳಿದವರು ಹೂಂ ಅಂತ ಏಳುತ್ತಾರೆ. ಏನೂ ತಪ್ಪಾಗಿಲ್ಲ ಅಂತ ಎಲ್ಲರೂ ಅಂದರೆ ಖುಷಿ ಪಡಬೇಡಿ. ಆ್ಯಮಿ ಎಡ್ಮಂಡ್‌ಸನ್ ಅನ್ನೋ ಅಮೆರಿಕದ ಸಂಶೋಧಕಿ ನರ್ಸ್‌ಗಳ ತಂಡಗಳನ್ನು ನೋಡಿದಾಗ, ಚೆನ್ನಾಗಿ ಹೊಂದಿಕೊಂಡ ತಂಡಗಳಲ್ಲೇ ಔಷಧಿ ತಪ್ಪುಗಳ ಲೆಕ್ಕ ಜಾಸ್ತಿ ಕಂಡಿತ್ತು. ಅವರು ಜಾಸ್ತಿ ತಪ್ಪು ಮಾಡುತ್ತಿದ್ದರು ಅಂತಲ್ಲ, ಮುಚ್ಚಿಡದೆ ಹೇಳುತ್ತಿದ್ದರು.

ಬ್ಯಾಡಗಿ_ಕಾಯಿ

ಅಭ್ಯಾಸ ಆದ ಮೇಲೆ ಗಿರ್ಮಿಟ್, ಮಿರ್ಚಿ ಖರ್ಚು ಯಾರದ್ದು ಅಂತ ಮೊದಲೇ ಠರಾವು ಮಾಡಿಕೊಳ್ಳಿ. ಕಮಿಟಿ ಒಡೆಯೋದು ಅಲ್ಲೇ.

ಹೊಳೆದಂಡೆ_ಹುಡುಗ

ಹ್ಹಹ್ಹ, ಅದು ಪಂಚಾಯ್ತಿ ಲೆಕ್ಕಕ್ಕೆ ಬರೋದಿಲ್ಲ, ನನ್ನ ಜೇಬಿಗೇ. ವರದಾ ತೀರ ಅಣ್ಣಾರ, ಕೊನೆಯದೊಂದು ಕೇಳುತ್ತೇನೆ. ಪಂಚಾಯ್ತಿಯವರು ನೈಲಾನ್ ಹಗ್ಗ ತರಿಸುತ್ತೇವೆ ಅಂತಿದ್ದಾರೆ, ಅದು ನಡೆಯುತ್ತದಾ?

ವರದಾ_ತೀರ

ಎಸೆಯೋದಕ್ಕೆ ನೈಲಾನ್ ಬೇಡ, ನೀರಲ್ಲಿ ಮುಳುಗುತ್ತದೆ, ಮುಳುಗುವವನ ಕೈಗೆ ಸಿಗೋದಿಲ್ಲ. ಪಾಲಿಪ್ರೊಪಿಲಿನ್ ಕೇಳಿ, ಅದು ತೇಲುತ್ತದೆ. ಹಳದಿಯದ್ದೋ ಕೇಸರಿಯದ್ದೋ ತಗೊಳ್ಳಿ, ಕೆಂಪು ನೀರಲ್ಲಿ ಕಣ್ಣಿಗೆ ಬೀಳಬೇಕು. ಬಿಲ್ ಪಾಸ್ ಆಗೋ ಮುಂಚೆ ಹೇಳಿ, ಆಮೇಲೆ ಬದಲಾಯಿಸೋದಿಲ್ಲ ಅವರು.